ಹಿತ್ತಿಲ ಗೋಡೆ

ಇಟ್ಟಿಗೆಯ ಒಂದು ಮಗ್ಗುಲಿಗೆ ಗುಲಾಬಿ ಬಣ್ಣ ಅಂಟಿಕೊಂಡಿದ್ದು ಕಂಡು ವರ್ಜಿಲ್ ಮಾಸ್ಬಿ ಮೊದಲು ಆ ಹಳೆಯ ಇಟ್ಟಿಗೆ ಮಾರಿದವನನ್ನು ಬೈದುಕೊಂಡ. ಉಜ್ಜಿ ಕೊಡುತ್ತೇವೆಂದು ಹೇಳಿ ಹೀಗೇ ಹೇರಿ ಕಳಿಸುವುದು ಅವರ ಚಾಳಿ. ಕರಣೆಯ ತುದಿಯಿಂದ ಕೆರೆದ. ಗುಲಾಬಿಯ ಕೆಳಗೆ ಹಸಿರು ಬಂತು. ಹಸಿರಿನ ಕೆಳಗೆ ಹಳದಿ. ಇನ್ನೊಂದು ಇಟ್ಟಿಗೆ ಎತ್ತಿ ಕೆರೆದ, ಮತ್ತೊಂದನ್ನೂ ಕೆರೆದ. ಅದೇ ಮೂರು ಬಣ್ಣ, ಅದೇ ಕ್ರಮ. ಆ ಮೂರು ಬಣ್ಣಗಳನ್ನೂ ಬಳಿದವಳು ಅವನ ಅಕ್ಕ ಅರ್ಲೀನ್. ಬೇರೆ ಬೇರೆ ಮೂರು ಈಸ್ಟರ್ ಹಬ್ಬಗಳಲ್ಲಿ, ಅವಳ ಮನೆಯ ಹಿತ್ತಿಲ ಗೋಡೆಗೆ. ಏಣಿ ಹಿಡಿದು ನಿಂತಿದ್ದವನು ಅವನೇ.

ವರ್ಜಿಲ್ ನಲವತ್ತು ವರ್ಷದಿಂದ ಸೇಂಟ್ ಲೂಯಿಸ್‌ನಲ್ಲಿ ಗಾರೆ ಕೆಲಸದವನು. ಹಾಲೊವೇ ರಸ್ತೆಯ ದಕ್ಷಿಣದ ಮನೆಗಳೆಲ್ಲ, ಅವನೀಗ ಗೋಡೆ ರಿಪೇರಿ ಮಾಡುತ್ತಿರುವ ಈ ಮನೆಯೂ ಸೇರಿ, ನಗರದ ಸಂರಕ್ಷಿತ ಪಟ್ಟಿಯಲ್ಲಿವೆ. ಕಾನೂನಿನ ಪ್ರಕಾರ ಅಲ್ಲಿ ಅನುಮತಿಯಿಲ್ಲದೆ ಒಂದು ಇಟ್ಟಿಗೆಯನ್ನೂ ಕೀಳುವಂತಿಲ್ಲ, ಗೋಡೆ ಬಿರುಕು ಬಿಟ್ಟರೆ ಹೊಸ ಇಟ್ಟಿಗೆ ಇಡುವಂತಿಲ್ಲ. ನೂರಿಪ್ಪತ್ತು ವರ್ಷದ ಮನೆಗೆ ನೂರಿಪ್ಪತ್ತು ವರ್ಷದ ಇಟ್ಟಿಗೆಯೇ ಆಗಬೇಕು. ಹಳೆಯ ಇಟ್ಟಿಗೆ ಮರದಲ್ಲಿ ಬಿಡುವುದಿಲ್ಲ. ಎಲ್ಲೋ ಒಂದು ಹಳೆಯ ಮನೆ ಬಿದ್ದರೆ ತಾನೇ ಸಿಗುವುದು? ಎಲ್ಲಿ ಬಿತ್ತು, ಯಾರು ಬೀಳಿಸಿದರು ಎಂದು ಯಾರೂ ಕೇಳುವುದಿಲ್ಲ. ಇಷ್ಟು ವರ್ಷ ವರ್ಜಿಲ್ಲನೂ ಕೇಳಿರಲಿಲ್ಲ.

ಊಟದ ಡಬ್ಬಿ ತೆಗೆಯದೆ ಟ್ರಕ್ ಹತ್ತಿ ರಸ್ತೆ ದಾಟಿದ. ಉತ್ತರಕ್ಕೆ ನಾಲ್ಕು ಬೀದಿ ಹೋದರೆ ಅಕ್ಕನ ಮನೆ. ಫೆಬ್ರವರಿಯಲ್ಲಿ ಅರ್ಲೀನ್ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ಅಂದಿನಿಂದ ಪ್ರತಿ ಶನಿವಾರ ಅವನು ಮನೆಯ ಮುಂದೆ ಟ್ರಕ್ ನಿಲ್ಲಿಸಿ, ಬಾಗಿಲು, ಬೀಗ, ಕಿಟಕಿಯ ಪರದೆ ಎಲ್ಲ ಸರಿಯಿದೆಯೆಂದು ನೋಡಿ, ಕೆಳಗೂ ಇಳಿಯದೆ ಹೋಗುತ್ತಿದ್ದ. ಈಗಲೂ ಎಲ್ಲ ಸರಿಯಾಗಿಯೇ ಇತ್ತು. ಬೀಗ ತೆಗೆದು ಒಳಗೆ ಕಾಲಿಟ್ಟ. ಅಡುಗೆಮನೆಯಲ್ಲಿ ಬೆಳಕೋ ಬೆಳಕು. ಒಲೆ ಇತ್ತು, ಮೇಜಿತ್ತು, ಮೇಜಿನ ಮೇಲೆ ಉಪ್ಪಿನ ಶೀಷೆ ಇತ್ತು. ಹಿಂದಿನ ಗೋಡೆ ಇರಲಿಲ್ಲ. ಮಹಡಿಯ ನೆಲ ಜೋತುಬಿದ್ದಿತ್ತು. ಹಿತ್ತಿಲಲ್ಲಿ ಲಾರಿ ಚಕ್ರದ ಗುರುತು. ಕಳ್ಳರು ದಡ್ಡರಲ್ಲ, ಬೀದಿಗೆ ಕಾಣುವ ಮುಖ ಬಿಟ್ಟು ಬೆನ್ನು ಕಿತ್ತುಕೊಂಡು ಹೋಗಿದ್ದರು. ಎರಡೂ ಪಕ್ಕದ ಮನೆಗಳು ಖಾಲಿ ಬಿದ್ದು ಎಷ್ಟೋ ವರ್ಷವಾಗಿತ್ತು, ಕೇಳುವವರಾರು? ಪೊಲೀಸರಿಗೆ ಫೋನು ಮಾಡಿದ. ಮನೆಯಲ್ಲಿ ಈಗ ಯಾರಾದರೂ ವಾಸವಿದ್ದಾರೋ ಎಂದು ಕೇಳಿದರು. ಇಲ್ಲವೆಂದಾಗ, ಬರೆದುಕೊಂಡಿದ್ದೇವೆ ಎಂದರು.

ಅವನು ಕೆಲಸದ ಜಾಗಕ್ಕೆ ಮರಳಿದ ಮೇಲೆ, ಮೂರು ಗಂಟೆಗೆ, ಸಂರಕ್ಷಿತ ಪಟ್ಟಿಯ ಮನೆಗಳ ತಪಾಸಣೆ ಮಾಡುವ ಕ್ಯಾರೊಲಿನ್ ಹಾಯ್ಟ್ ಬಂದಳು. ಕೆಟ್ಟವಳಲ್ಲ, ಒಂದು ಕಿಟಕಿಯ ಚೌಕಟ್ಟಿಗಾಗಿ ವರ್ಷಗಟ್ಟಲೆ ಜಗಳಾಡುವವಳು. ಇಟ್ಟಿಗೆಯೊಂದನ್ನು ಗೋಡೆಗೆ ಹಿಡಿದು ನೋಡಿ ಮುಖ ಅರಳಿಸಿದಳು.

"ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ. ಅದೇ ಕಾಲದ್ದು, ಅದೇ ಮಣ್ಣು. ಬಣ್ಣದ ಮಗ್ಗುಲು ಒಳಗೆ ಹಾಕಿಬಿಡಿ, ಸಾಕು."

"ಇದು ನಮ್ಮಕ್ಕನ ಮನೆ ಗೋಡೆ," ಎಂದ ವರ್ಜಿಲ್.

ಅವಳಿಗೆ ಅರ್ಥವಾಗಲಿಲ್ಲ. ಅವನು ಎಲ್ಲ ಹೇಳಿದ. ಅವಳ ಮುಖ ಕೆಂಪಾಯಿತು. ಕೈಯಲ್ಲಿದ್ದ ಕಾಗದವನ್ನು ತಿರುವಿಹಾಕಿ, ಮಾರಿದವನ ರಸೀದಿ ಸರಿಯಾಗಿಯೇ ಇದೆಯಲ್ಲ ಎಂದಳು. ಬೇಕಿದ್ದರೆ ವಾಪಸು ಕಳಿಸಿ, ಬೇರೆ ತರಿಸಿ ಎಂದೂ ಹೇಳಿದಳು.

"ಬೇರೆ ಅಂದ್ರೆ ಬೇರೆಯವರ ಮನೇದು," ಎಂದ ಅವನು. "ಅಲ್ಲಮ್ಮ, ಅದೇ ಕಾಲದ್ದು, ಅದೇ ಮಣ್ಣು ಅಂತ ನೀವೇ ಹೇಳಿದ್ರಿ. ಮತ್ತೆ ಆ ಕಡೆ ಬೀದಿ ಯಾಕೆ ನಿಮ್ಮ ಪಟ್ಟೀಲಿಲ್ಲ?"

"ಅಲ್ಲಿ ಉಳಿದಿರೋದೇ ಕಡಿಮೆ, ಮಿಸ್ಟರ್ ಮಾಸ್ಬಿ. ಎರಡು ಮನೆ ಇದ್ರೆ ಮೂರು ಖಾಲಿ ಜಾಗ. ಸಾಲೇ ಮುರಿದುಹೋಗಿದೆ. ಏನಂತ ಉಳಿಸೋದು?"

"ಮುರಿದುಹೋಗಿಲ್ಲ. ಅಲ್ಲಿನ ಹಲ್ಲು ಕಿತ್ತು ಇಲ್ಲಿ ಕಟ್ಟಿಸ್ತಿದೀರಿ."

ಅವಳು ಕಾಗದಕ್ಕೆ ಸಹಿ ಹಾಕಿ, ತುಂಬ ಬೇಜಾರಾಯಿತು ಎಂದು ಹೇಳಿ ಹೋದಳು. ಬೇಜಾರಾಗಿದ್ದು ನಿಜವೇ ಇರಬೇಕು. ಬೇಜಾರು ಗೋಡೆ ಕಟ್ಟಿಕೊಡುವುದಿಲ್ಲ.

ವರ್ಜಿಲ್ ಸ್ವಲ್ಪ ಹೊತ್ತು ಇಟ್ಟಿಗೆಯ ರಾಶಿಯ ಮೇಲೇ ಕೂತ. ವಾಪಸು ಕಳಿಸಿದರೆ ನಾಳೆ ಇವು ಇನ್ಯಾವುದೋ ಊರಿನ ಶ್ರೀಮಂತನ ಅಂಗಳಕ್ಕೆ ಹಾಸಾಗುತ್ತವೆ. ಅಕ್ಕನ ಮನೆಯ ಆ ಒಂದು ಗೋಡೆಯನ್ನು ಮತ್ತೆ ಎಬ್ಬಿಸಿದರೂ ಜೋತುಬಿದ್ದ ಮಹಡಿ ನಿಲ್ಲುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎದ್ದು ಗಾರೆ ಕಲಸಿದ. ಒಂದೊಂದನ್ನೇ ಒದ್ದೆ ಮಾಡಿ, ಗುಲಾಬಿ ಮಗ್ಗುಲನ್ನು ಒಳಗೆ ತಿರುಗಿಸಿ, ದಾರ ಹಿಡಿದು ಕೂರಿಸುತ್ತ ಹೋದ. ಇಷ್ಟು ನೇರವಾದ ಗೋಡೆಯನ್ನು ಅವನು ಜನ್ಮದಲ್ಲಿ ಕಟ್ಟಿರಲಿಲ್ಲ. ಅದಕ್ಕೂ ಅವನಿಗೆ ಸಿಟ್ಟು ಬಂತು.

ಐದು ಗಂಟೆಗೆ, ಆಸ್ಪತ್ರೆಯ ಊಟ ಮುಗಿಯುತ್ತಲೇ, ಅರ್ಲೀನ್ ಎಂದಿನಂತೆ ಫೋನು ಮಾಡಿದಳು. ಕೋಲು ಹಿಡಿದು ಹತ್ತು ಹೆಜ್ಜೆ ನಡೆದಳಂತೆ. ಈಸ್ಟರ್ ಆದ ಮರುವಾರ ಮನೆಗೆ ಹೋಗಬಹುದೆಂದು ಡಾಕ್ಟರು ಹೇಳಿದರಂತೆ.

"ಈ ಸಲ ನೀಲಿ ಬಳಿಯೋಣ ಕಣೋ. ಎರಡು ಡಬ್ಬಿ ತಂದಿಟ್ಟಿರು. ಆಮೇಲೆ, ಮನೆ ಕಡೆ ಹೋಗಿದ್ಯಾ? ಯಾರೂ ಏನೂ ಮುಟ್ಟಿಲ್ಲ ತಾನೆ?"

ವರ್ಜಿಲ್ ಹಸಿ ಗೋಡೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ.

"ಚಿಂತೆ ಮಾಡ್ಬೇಡಕ್ಕ," ಎಂದ. "ಇವತ್ತಿಂದ ನಿನ್ನ ಗೋಡೆದು ಒಂದು ಇಟ್ಟಿಗೇನೂ ಯಾರೂ ಮುಟ್ಟೋ ಹಾಗಿಲ್ಲ. ಕಾನೂನೇ ಇದೆ."