ಬೀಳಿಸಿದ ಕೈಗೆ ಮುತ್ತಿಟ್ಟ ತಾಯಿ

ಅಮೆರಿಕದಲ್ಲಿ ಒಂದು ಆಟ ಇದೆ... ಹೆಸರು ಫುಟ್‌ಬಾಲ್, ಆದರೆ ಚೆಂಡು ಇರೋದು ಹೆಚ್ಚಾಗಿ ಕೈಯಲ್ಲೇ!

ಒಬ್ಬ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡ್ತಾನೆ. ಎದುರು ತಂಡದವರು ಅವನನ್ನು ಹಿಡಿದು ಕೆಡವಬೇಕು. ನಮ್ಮ ಕಬಡ್ಡಿಯಲ್ಲಿ ರೈಡರ್‌ನನ್ನು ಹಿಡಿದು ಕೆಡವ್ತಾರಲ್ಲ, ಹಾಗೆ...

ಲಮಾಂಟ್ ಪ್ರಿಚರ್ಡ್ ಆ ಕೆಡವುವವನು. ಡಿಫೆನ್ಸ್ ಆಟಗಾರ. ಬಾಗಿಲು ತುಂಬುವಂಥ ಭುಜ.

ಓಡುವವರ ಫೋಟೋ ಪೇಪರ್‌ನಲ್ಲಿ ಬರುತ್ತೆ. ಕೆಡವುವವನನ್ನು ಯಾರು ಕೇಳ್ತಾರೆ? ಕಾಲೇಜು ಮುಗಿದಾಗ ಯಾವ ತಂಡವೂ ಅವನನ್ನು ಆರಿಸಲಿಲ್ಲ. ಟ್ರಯಲ್‌ಗೆ ಹೋದ ಕಡೆಯಿಂದೆಲ್ಲ ವಾಪಸ್ ಬಂದ.

ಕೊನೆಗೆ ಒಂದು ತಂಡದಲ್ಲಿ ಯಾರದೋ ಮೊಣಕಾಲಿಗೆ ಪೆಟ್ಟಾಗಿ, ಇವನಿಗೆ ಕರೆ ಬಂತು... ಸಿಕ್ಕ ಜಾಗವನ್ನು ಬಿಡಲೇ ಇಲ್ಲ. ಕೆಲವೇ ವರ್ಷಗಳಲ್ಲಿ, ಅವನಿರುವ ಕಡೆಗೆ ಓಡೋಕೇ ಎದುರಾಳಿಗಳು ಹೆದರುವ ಹಾಗಾಯ್ತು.

ಒಂದು ಭಾನುವಾರ ಮ್ಯಾಚ್. ಎದುರು ತಂಡದಲ್ಲಿ ಕೇಲಬ್ ಅಂತ ಹೊಸ ಆಟಗಾರ. ಚೆಂಡು ಹಿಡಿದು ಮಿಂಚಿನ ಹಾಗೆ ನುಗ್ಗಿ ಬಂದ.

ಲಮಾಂಟ್ ಅಡ್ಡ ಬಂದು ಕೆಡವಿದ. ನಿಯಮ ತಪ್ಪಿರಲಿಲ್ಲ. ಸ್ಟೇಡಿಯಂ ಹುಚ್ಚೆದ್ದು ಕೂಗಿತು.

ಆದರೆ ಕೇಲಬ್ ಏಳಲಿಲ್ಲ...

"ಅಣ್ಣಾ... ನನ್ನ ಕಾಲು ಇರೋದೇ ಗೊತ್ತಾಗ್ತಿಲ್ಲ..." ಅಂದ ಮೆಲ್ಲಗೆ.

ಅಷ್ಟರಲ್ಲಿ ಕೇಲಬ್‌ನ ತಂಡದವನೊಬ್ಬ ಓಡಿ ಬಂದು, "ಏನೂ ಆಗಿಲ್ಲ, ಏಳೋ" ಅಂತ ಕೈ ಹಿಡಿದು ಎಳೆಯೋಕೆ ಬಾಗಿದ.

"ಮುಟ್ಟಬೇಡ!" ಲಮಾಂಟ್ ಕಿರುಚಿ ಅವನನ್ನು ತಳ್ಳಿದ. ಮೊಣಕಾಲೂರಿ ಕೂತು, ಕೇಲಬ್‌ನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಅಲುಗದ ಹಾಗೆ ಹಿಡಿದುಕೊಂಡ.

ತಳ್ಳಿಸಿಕೊಂಡವನು ಸಿಟ್ಟಿಗೆದ್ದು ಅವನ ಬೆನ್ನಿಗೆ ಗುದ್ದಿದ. ಜನ ಬೈದರು. ಲಮಾಂಟ್ ಕೈ ತೆಗೆಯಲಿಲ್ಲ. ಡಾಕ್ಟರ್‌ಗಳು ಬರುವ ತನಕ ಒಂದೇ ಮಾತು... "ನಾನಿದೀನಿ, ಅಲ್ಲಾಡಬೇಡ."

ಸಂಜೆ ಟಿವಿಯಲ್ಲಿ ಸುದ್ದಿ ಬಂತು. ಕತ್ತಿನ ಮೂಳೆ ಮುರಿದಿದೆ... ಆಪರೇಷನ್ ನಡೀತಿದೆ.

ಅಂದಿನಿಂದ ಲಮಾಂಟ್‌ನ ಆಟ ಕೆಟ್ಟಿತು. ಯಾರಾದರೂ ಎದುರು ಓಡಿ ಬಂದರೆ ಮೈ ಹಿಂದೆ ಸರಿಯೋದು. ತಂಡದವರು ಅವನನ್ನು ಹೊರಗೆ ಕೂರಿಸಿದರು.

ಆಸ್ಪತ್ರೆಯ ಗೇಟಿನ ತನಕ ಹೋಗಿ ವಾಪಸ್ ಬಂದ. ಯಾವ ಮುಖ ಇಟ್ಟುಕೊಂಡು ಒಳಗೆ ಹೋಗೋದು? "ಸಾಕು, ಆಟ ಬಿಟ್ಟುಬಿಡ್ತೀನಿ" ಅಂತ ಹೆಂಡತಿಗೆ ಹೇಳಿದ.

ಒಂದು ದಿನ ಪ್ರಾಕ್ಟೀಸ್ ಮುಗಿಸಿ ಬಂದರೆ, ಕಾರಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದರು.

"ನಾನು ಕೇಲಬ್‌ನ ತಾಯಿ, ರೋಸಲಿನ್."

ಲಮಾಂಟ್ ತಲೆ ತಗ್ಗಿಸಿದ. "ಅಮ್ಮಾ, ಬೈದುಬಿಡಿ... ಬೇಕಾದರೆ ಹೊಡೀರಿ. ನಿಮ್ಮ ಮಗನ ಬಾಳು ನನ್ನಿಂದ..."

ಮಾತು ಮುಗಿಯೋಕೆ ಮುಂಚೆ ಆ ತಾಯಿ ಅವನ ಎರಡೂ ಕೈ ಹಿಡಿದು ಮುತ್ತಿಟ್ಟರು!

"ಬೈಯೋಕೆ ಬಂದಿಲ್ಲಪ್ಪಾ... ಡಾಕ್ಟರ್ ಏನಂದ್ರು ಗೊತ್ತಾ? ಆವತ್ತು ಯಾರಾದ್ರೂ ಎಳೆದು ಎಬ್ಬಿಸಿದ್ದಿದ್ರೆ, ಇವನು ಜೀವಮಾನವೆಲ್ಲ ಹಾಸಿಗೆಯಲ್ಲೇ ಇರ್ತಿದ್ದ ಅಂದ್ರು. ನಿನ್ನೆ ನನ್ನ ಮಗ ಗೋಡೆ ಹಿಡ್ಕೊಂಡು ಕಿಟಕಿ ತನಕ ನಡೆದ ಕಣಪ್ಪಾ... ಎದ್ದ ಕೂಡಲೇ ನಿನ್ನನ್ನೇ ಕೇಳಿದ."

ಅಷ್ಟು ದೊಡ್ಡ ಆಳು ಅಲ್ಲೇ ಮಗುವಿನ ಹಾಗೆ ಅತ್ತ...

"ತಲೆ ಹಿಡ್ಕೋಬೇಕು ಅಂತ ನಿನಗೆ ಯಾರಪ್ಪಾ ಹೇಳಿಕೊಟ್ಟೋರು?" ಕೇಳಿದರು ತಾಯಿ.

ಲಮಾಂಟ್‌ಗೆ ಆಗ ನೆನಪಾಯ್ತು. ಹೇಳಿಕೊಟ್ಟಿದ್ದು ಹೈಸ್ಕೂಲಿನ ಕೋಚ್ ಡಾಬ್ಸ್. "ಬಿದ್ದವನು ಏಳದಿದ್ರೆ ಎಳೀಬೇಡಿ, ತಲೆ ಹಿಡಿದು ಕಾಯಿರಿ" ಅಂತ ಪ್ರತಿ ವರ್ಷ ಮಾಡಿ ತೋರಿಸ್ತಿದ್ದರು. ಹುಡುಗರೆಲ್ಲ ನಗ್ತಿದ್ದರು.

ಆ ದಿನವೇ ಲಮಾಂಟ್ ಆಸ್ಪತ್ರೆಗೆ ಹೋದ, ಆಟ ಬಿಡ್ತೀನಿ ಅಂತ ಕೇಲಬ್‌ಗೂ ಹೇಳಿದ. "ಅಣ್ಣಾ, ನನಗಿನ್ನು ಆಡೋಕಾಗಲ್ಲ. ನೀನೂ ಬಿಟ್ರೆ ನಾನು ಟಿವಿಯಲ್ಲಿ ಯಾರನ್ನ ನೋಡ್ಲಿ?" ಅಂದ ಕೇಲಬ್. ಲಮಾಂಟ್ ಮತ್ತೆ ಆಡಿದ, ವರ್ಷಗಟ್ಟಲೆ ಆಡಿ ಗೌರವದಿಂದ ನಿವೃತ್ತನಾದ.

ಆದರೆ ಮತ್ತೆ ಮೈದಾನಕ್ಕೆ ಇಳಿಯೋ ಮುಂಚೆ ಅವನು ಹೋಗಿದ್ದು ತನ್ನೂರಿಗೆ, ಕೋಚ್ ಡಾಬ್ಸ್ ಅವರ ಮನೆಗೆ.

ವಯಸ್ಸಾದ ಕೋಚ್ ಎಲ್ಲ ಕೇಳಿಸಿಕೊಂಡರು. "ಗೆದ್ದವರು ಬಂದು ಕಪ್ ತೋರಿಸಿ ಹೋಗ್ತಾರೆ ಮಗಾ... ಇದನ್ನ ಹೇಳೋಕೆ ಬಂದವನು ನೀನೊಬ್ಬನೇ."

ಲಮಾಂಟ್ ಕೇಲಬ್‌ಗೆ ವಿಡಿಯೋ ಕಾಲ್ ಮಾಡಿದ. ಅತ್ತ ಆಸ್ಪತ್ರೆಯ ವರಾಂಡದಲ್ಲಿ ಕೇಲಬ್, ವಾಕರ್ ಹಿಡಿದು, ನಿಧಾನಕ್ಕೆ ನಡೆದು ತೋರಿಸಿದ.

ಕೋಚ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ಇನ್ನೊಂದ್ಸಲ ನಡಿ ಮಗಾ..." ಅಂದರು. "ಇನ್ನೊಂದೇ ಒಂದ್ಸಲ..."

*ಕಲಿಸಿದವರಿಗೆ ತಮ್ಮ ಪಾಠ ಎಲ್ಲಿ, ಯಾರನ್ನು ಕಾಯ್ತು ಅನ್ನೋದು ಗೊತ್ತಾಗೋದೇ ಇಲ್ಲ... ನಾವು ಹೋಗಿ ಹೇಳದಿದ್ದರೆ.* 🙏

ನೀವು ಹಾಗೆ ಹೋಗಿ ಹೇಳಬೇಕಾದವರು ಯಾರು...? ಕೊನೆಯ ಸಲ ಅವರ ಮನೆ ಬಾಗಿಲು ತಟ್ಟಿದ್ದು ಯಾವಾಗ?