ಬೀರದೇವನ ಎಡೆ

ಎಡೆ ಇಟ್ಟು ಮುಕ್ಕಾಲು ಗಂಟೆಯಾಗಿತ್ತು. ಕಾಗೆ ಬೇವಿನ ಟೊಂಗೆಯ ಮೇಲೆ ಕುಳಿತಿತ್ತೇ ಹೊರತು ಕೆಳಗಿಳಿಯಲಿಲ್ಲ. ಮೂವತ್ತಾರರ ಬೀರದೇವ ಎದೆನೋವಿನಿಂದ ಸತ್ತು ಅದು ಮೂರನೆಯ ದಿನ. ಸದಲಗಾದ ಹೊಳೆದಂಡೆಯಲ್ಲಿ, ಅವನನ್ನು ಹೂತ ಹಸಿಮಣ್ಣಿನ ಮೇಲೆ ಬಾಳೆಎಲೆ. ಎಲೆಯಲ್ಲಿ ಹೋಳಿಗೆ, ಮೊಸರನ್ನ, ಪಕ್ಕಕ್ಕೆ ಒಂದು ಕಪ್ ಚಹಾ.

“ಇದ್ದಾಗ ಒಂದ ಕೂಗಿಗೆ ಬರತಿದ್ದ. ಈಗ ನೋಡ್ರಿ ಸೊಕ್ಕ,” ಎಂದ ಕಾಕಾ ಗಂಗಾರಾಮ. ಯಾರೂ ನಗಲಿಲ್ಲ.

ಸತ್ತವನ ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಕಾಗೆ ಎಡೆ ಮುಟ್ಟುವುದಿಲ್ಲ. ಅದಕ್ಕೇ ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಕೊಡುತ್ತಿದ್ದರು. ಅವನ ಕುರಿ ಮಾರುವುದಿಲ್ಲವೆಂದ ಗಂಗಾರಾಮ. ಅತ್ತೆಯನ್ನು ಬಿಟ್ಟು ತವರಿಗೆ ಹೋಗುವುದಿಲ್ಲವೆಂದಳು ಹೆಂಡತಿ ಉಜ್ವಲಾ. ಕಾಗೆ ರೆಕ್ಕೆ ಕೊಡವಿ ಸುಮ್ಮನಾಯಿತು.

ತಾಯಿ ಸಾವಕ್ಕ ಮಗನ ಗೆಳೆಯ ಅಮಿತನ ಕಡೆ ತಿರುಗಿದಳು. “ಚಿಕ್ಕೋಡಿ ಕಾಲೇಜನ್ಯಾಗ ಮೂರ ವರ್ಷ ಒಂದ ಬೆಂಚಿನ ಮ್ಯಾಲ ಕುಂತಾವ್ರು ನೀವು. ಅವನ ಮನಸನ್ಯಾಗಿಂದು ನಿನಗ ಗೊತ್ತಿರತೈತಿ. ನೀ ಹೇಳ, ತಮ್ಮಾ.”

ಅಮಿತ ಕೈಮುಗಿದ. “ನಿನ್ನ ಮಗಳನ್ನ ನಾ ಓದಸ್ತೀನಿ, ದೋಸ್ತ.”

ಕಾಗೆ ಕತ್ತು ಓರೆ ಮಾಡಿ ಅವನನ್ನೇ ನೋಡಿತು. ಆದರೆ ಇಳಿಯಲಿಲ್ಲ.

ಬೀರದೇವನ ಮನಸ್ಸಿನಲ್ಲಿ ಉಳಿದದ್ದೇನೆಂದು ಅಮಿತನಿಗೆ ಗೊತ್ತಿತ್ತು. ಹದಿನಾಲ್ಕು ವರ್ಷದ ಹಿಂದೆ, ಇಬ್ಬರೂ ಪೊಲೀಸ್ ಭರ್ತಿಯ ಓಟದಲ್ಲಿ ಪಾಸಾದ ವಾರ, ನಿಪ್ಪಾಣಿ ರಸ್ತೆಯಲ್ಲಿ ಅವರ ಬೈಕು ಒಬ್ಬ ಮುದುಕನಿಗೆ ಬಡಿದಿತ್ತು. ಓಡಿಸುತ್ತಿದ್ದವನು ಅಮಿತ. “ನಿನ್ನ ಕಡೆ ಲೈಸನ್ಸ್ ಇಲ್ಲ. ಗಾಡಿ ನಾ ಹೊಡ್ಯಾಕತ್ತಿದ್ನಿ ಅಂತೀನಿ, ದಂಡ ಹಾಕಿ ಬಿಡತಾರ,” ಎಂದಿದ್ದ ಬೀರದೇವ. ಎರಡು ದಿನಕ್ಕೆ ಮುದುಕ ತೀರಿಕೊಂಡ. ಬೀರದೇವನ ಮೇಲಿನ ಕೇಸು ಆರು ವರ್ಷ ನಡೆಯಿತು. ಅಮಿತನಿಗೆ ಖಾಕಿ ಸಿಕ್ಕಿತು. ಓಟದಲ್ಲಿ ಅವನಿಗಿಂತ ಮುಂದಿದ್ದ ಬೀರದೇವ ಕುರಿಗಳ ಹಿಂದೆ ಓಡಿದ. ಒಬ್ಬರ ಮುಂದೆಯೂ ಬಾಯಿ ಬಿಡಲಿಲ್ಲ. ಊರಿನವರ ಲೆಕ್ಕದಲ್ಲಿ ಅವನು ಕೊನೆಯವರೆಗೂ ಮುದುಕನನ್ನು ಕೊಂದವನೇ.

“ಹೊತ್ತೇರಾಕತ್ತೈತಿ. ಸಾಕ, ಕಾಗಿ ಮುಟ್ಟಲಿಲ್ಲಂದ್ರ ಆಕಳಿಗೆ ಇಡೂನು,” ಎಂದ ಗಂಗಾರಾಮ.

ಅಮಿತ ಮಣ್ಣಿನ ತನಕ ಬಗ್ಗಿದ. ಬರೀ ತುಟಿ ಆಡಿದವು: ‘ಗಾಡಿ ನಾ ಹೊಡ್ಯಾಕತ್ತಿದ್ನಿ ಅಂತ ಹೇಳ್ತೀನಿ. ಎಲ್ಲಾರ ಮುಂದ ಹೇಳ್ತೀನಿ.’

ರೆಕ್ಕೆಯ ಗಾಳಿ ಕಿವಿಗೆ ತಾಗಿತು. ಅವನು ತಲೆಯೆತ್ತುವಷ್ಟರಲ್ಲಿ ಕಾಗೆ ಹೋಳಿಗೆಗೆ ಕೊಕ್ಕು ಹಾಕಿತ್ತು.

ಉಜ್ವಲಾ ಬಿಕ್ಕಿದಳು. ಗಂಗಾರಾಮ ಟೊಪ್ಪಿಗೆ ತೆಗೆದು ಕೈಮುಗಿದ. ಸಾವಕ್ಕ ಮಾತ್ರ ಕಾಗೆಯನ್ನು ನೋಡದೆ ಅಮಿತನ ಬಾಯಿಯನ್ನೇ ನೋಡುತ್ತಿದ್ದಳು.

“ಏನ ಮಾತ ಕೊಟ್ಟಿ ಅವಗ?”

ಅಮಿತ ಎದ್ದು ಕೈಗೆ ಹತ್ತಿದ ಮಣ್ಣು ಕೊಡವಿದ. “ಮಗಳನ್ನ ಓದಸ್ತೀನಿ ಅಂದ್ನಿ, ಯವ್ವಾ.”

“ಅದನ್ನ ಮೊದಲನೂ ಅಂದಿದ್ದಿ,” ಎಂದಳು ಸಾವಕ್ಕ. “ಆಗ ಬರಲಿಲ್ಲಲ್ಲ.”