ಹಡಗಿಗೆ ಹೊರಟ ಮಡಿಲಕ್ಕಿ

ಆ ಬೆಳಿಗ್ಗೆ ಹಿಂದೂಪುರದಲ್ಲಿ ಮಂಜು ಇಳಿದಿತ್ತು. ಬೀದಿಯ ತುದಿ ಕಾಣುತ್ತಿರಲಿಲ್ಲ. ಬಸವೇಶನ ಪೈಪಿನ ಅಂಗಡಿಯ ಮುಂದೆ ದೀಪ ಹಾಕಿಕೊಂಡು ನಿಂತಿದ್ದ ಬಸ್ಸು ಮಾತ್ರ ಮಸುಕು ಹಳದಿಯಾಗಿ ಕಾಣುತ್ತಿತ್ತು. ಅಂಗಡಿಯ ಹಿಂದಿನ ಮನೆಯಲ್ಲಿ ಅವನ ಮಗಳು, ಮೂರು ವರ್ಷದ ಸ್ಪಂದನ, ಅಜ್ಜಿಯ ಸೊಂಟ ಬಿಟ್ಟು ಇಳಿಯಲೊಲ್ಲಳು.

ಚೆನ್ನಾಗಿ ಮಾರಿದ ಡೀಲರುಗಳನ್ನು ಪೈಪ್ ಕಂಪನಿಯವರು ಹೆಂಡತಿ ಮಕ್ಕಳ ಸಮೇತ ಹಡಗಿನ ಪ್ರವಾಸಕ್ಕೆ ಕರೆದಿದ್ದರು. ಚೆನ್ನೈವರೆಗೆ ಬಸ್ಸು, ಆಮೇಲೆ ಮೂರು ರಾತ್ರಿ ಸಮುದ್ರದ ಮೇಲೆ. ಬಸವೇಶನಿಗೆ ಹಡಗು ನೋಡುವ ಸಡಗರ. ಅವನ ಹೆಂಡತಿ ಮೌನಿಕಾಳಿಗೆ ಆ ರಾತ್ರಿಗಳದ್ದೇ ಆಸೆ. ಅಂಗಡಿ ತೆರೆದ ಹೊಸತರಲ್ಲಿ, ನಾಲ್ಕು ದಿನ ಇರಲಿ ಎಂದು ಕಲ್ಯಾಣದುರ್ಗದಲ್ಲಿ ತನ್ನ ತಾಯಿ ಗುರುಶಾಂತಮ್ಮನ ಹತ್ತಿರ ಬಿಟ್ಟುಬಂದ ಕೂಸು ಅಲ್ಲಿಯೇ ನಡೆಯಲು ಕಲಿತಿತ್ತು, ಅಲ್ಲಿಯೇ ಮಾತು ಕಲಿತಿತ್ತು. ಅಜ್ಜಿಯನ್ನು ಅಮ್ಮ ಎನ್ನುತ್ತಿತ್ತು. ಭಾನುವಾರಗಳಲ್ಲಿ ಬಂದುಹೋಗುವ ಹೆತ್ತವಳನ್ನು, ಅಜ್ಜಿ ಕರೆಯುವ ಹಾಗೆಯೇ, ಮೌನಿಕಾ ಎನ್ನುತ್ತಿತ್ತು. ಮಗು ತನ್ನ ಪಕ್ಕದಲ್ಲಿ ಮಲಗಿ ಏಳಲಿ, ಅಷ್ಟು ಸಾಕಾಗಿತ್ತು ಅವಳಿಗೆ. ಮಗುವನ್ನು ಕಳಿಸಿಕೊಡಲೆಂದು ಗುರುಶಾಂತಮ್ಮ ಹಿಂದಿನ ದಿನವೇ ಕರೆತಂದಿದ್ದಳು.

ಬಸವೇಶ ಮಗಳ ಗಲ್ಲ ಹಿಡಿದು, "ಹಡಗಲ್ಲಿ ಈಜೋ ಕೊಳ ಐತೆ ಬಂಗಾರಾ, ಜಾರೋ ಬಂಡೆ ಐತೆ" ಎಂದ.

"ಸುತ್ತ ಸಮುದ್ರ ಇಕ್ಕೊಂಡು ಮ್ಯಾಲೆ ಕೊಳ ಯಾತಕ್ಕಪ್ಪ?" ಎಂದಳು ಗುರುಶಾಂತಮ್ಮ.

"ಅದು ನೋಡಾಕೆ, ಇದು ಆಡಾಕೆ ಅತ್ತೆಮ್ಮ."

ಸ್ಪಂದನ ಸ್ವಲ್ಪ ಯೋಚಿಸಿ ಕೇಳಿದಳು: "ಎಮ್ಮೆ ಐತಾ?"

"ಹಡಗಲ್ಲಿ ಎಮ್ಮೆ ಯಾಕಮ್ಮ?"

"ಮತ್ತೆ ಹಾಲು?"

ಮೌನಿಕಾ ನಕ್ಕು ಕೈ ಚಾಚಿದಳು. "ಬಾ ತಲ್ಲಿ, ಬಾ ನನ್ನವ್ವ, ನಾನು ಕುಡುಸ್ತೀನಿ."

ಮಗು ಅಜ್ಜಿಯ ಕುತ್ತಿಗೆಗೆ ಮುಖ ಒತ್ತಿಕೊಂಡಿತು. "ನೀನು ಹೋಗು ಮೌನಿಕಾ. ನಾನೂ ಅಮ್ಮನೂ ಊರಿಗೆ ಹೋಯ್ತೀವಿ."

ಚಾಚಿದ ಕೈಯನ್ನು ಮೌನಿಕಾ ಹಿಂದಕ್ಕೆ ತೆಗೆದು, ಸರಿಯಾಗಿಯೇ ಇದ್ದ ಚೂಡಿದಾರದ ವೇಲನ್ನು ಸರಿಮಾಡಿಕೊಂಡಳು.

ಹೊರಗೆ ಹಾರನ್ ಆಯಿತು. "ರಂಡಿ ಸಾರ್, ಲೇಟ್ ಅವುತೋಂದಿ!" ಎಂದು ಡ್ರೈವರ್ ತೆಲುಗಿನಲ್ಲಿ ಬೇಗ ಬರುವಂತೆ ಕೂಗಿದ.

ಬಸವೇಶ ದನಿ ತಗ್ಗಿಸಿದ. "ಅತ್ತೆಮ್ಮ, ನೀವೂ ಬಸ್ ಹತ್ತಿ ಕುತ್ಕಳಿ. ಗೌರಿಬಿದನೂರು ಬರೋ ಹೊತ್ಗೆ ನಿದ್ದೆ ಹೋಗಿರ್ತಾಳೆ. ಮೆಲ್ಲಗೆ ಇಳ್ಕೊಂಬುಡಿ."

"ಕಣ್ಬುಟ್ಟು ನೋಡಿದ್ರೆ ನಾನಿರಾಕಿಲ್ಲ. ಆಮ್ಯಾಕೆ ನಿಮ್ ಮಾತು ಯಾವತ್ತಾದ್ರೂ ನಂಬ್ತದಾ ಈ ಕೂಸು? ಬ್ಯಾಡ ಕಣಪ್ಪ."

"ಹಂಗಾರೆ ನಾನೂ ಹೋಗಾಕಿಲ್ಲ ಬುಡು." ಮೌನಿಕಾ ಹೆಗಲ ಬ್ಯಾಗನ್ನು ಕೆಳಗಿಟ್ಟಳು.

ಗುರುಶಾಂತಮ್ಮ ಒಂದು ಗಳಿಗೆ ದೇವರ ಗೂಡಿನ ಕಡೆ ನೋಡುತ್ತ ನಿಂತಳು. ಆಮೇಲೆ ಕಾಲಿನಿಂದಲೇ ಮಣೆಯನ್ನು ಮುಂದಕ್ಕೆ ಸರಿಸಿದಳು. "ಕುತ್ಕಳೆ. ಅಷ್ಟು ದೂರ ಹೋಗೋಳು ಮಡ್ಲಕ್ಕಿ ಇಲ್ಲದೆ ಹೋಯ್ತೀಯಾ?"

"ಅದು ತವರಿಂದ ಹೊರಡೋವಾಗ ಅಲ್ವೇನಮ್ಮ? ಇದು ನನ್ನ ಮನೆ."

"ನಾನು ನಿಂತಿದ್ ಕಡೆನೇ ನಿನ್ ತವರು."

"ಸೀರೆನೂ ಉಟ್ಟಿಲ್ವಲ್ಲ."

"ವೇಲ್ ಒಡ್ಡು. ಶಿವ ಬಟ್ಟೆ ನೋಡಾಕಿಲ್ಲ."

ಅಕ್ಕಿಯ ಡಬ್ಬಿ ಬಂತು. "ನಂ ಕೂಸೇ ಹಾಕ್ಲಿ" ಎಂದು ಅಜ್ಜಿ ಹೇಳಿದ್ದೇ ತಡ, ಸ್ಪಂದನ ತಾನಾಗಿ ಸೊಂಟದಿಂದ ಜಾರಿ ಇಳಿದಳು. ಪುಟ್ಟ ಬೊಗಸೆಯಲ್ಲಿ ಅಕ್ಕಿ ತುಂಬಿ ತಾಯಿಯ ಮಡಿಲಿಗೆ ಹಾಕಿದಳು. ಅರ್ಧ ಮಡಿಲಿಗೆ ಬಿತ್ತು, ಅರ್ಧ ನೆಲಕ್ಕೆ. ತಲೆ ಎತ್ತಿ ಮೌನಿಕಾಳ ಮುಖ ನೋಡಿ ಕೇಳಿದಳು: "ಸಾಕಾ?"

"ಇನ್ನೂ ಬೇಕು."

ಮತ್ತೊಂದು ಬೊಗಸೆ. "ಸಾಕಾ?"

"ಊಹೂಂ, ಇನ್ನೂ."

ಮಗು ಕಿಲಕಿಲ ನಗತೊಡಗಿತು. ಗುರುಶಾಂತಮ್ಮ ಅರಿಶಿನ ಕುಂಕುಮ, ಎಲೆ ಅಡಿಕೆ, ಒಂದು ಚೂರು ಬೆಲ್ಲ ಇಟ್ಟು, ಕಾಯಿಗಾಗಿ ಕೈ ಚಾಚಿದಳು. ನಾಲ್ಕು ದಿನ ಬೀಗ ಹಾಕುವ ಮನೆ, ಕಾಯಿ ಇರಲಿಲ್ಲ. ಕಾಯಿ ಇಲ್ಲದ ಮಡಿಲು ಕಟ್ಟಿಕೊಂಡು ಮಣೆಯಿಂದ ಏಳುವಂತಿಲ್ಲ. ಮತ್ತೆ ಹಾರನ್ ಆಯಿತು.

"ಇರಿ, ಓಡೋಗಿ ತತ್ತೀನಿ." ಬಸವೇಶ ಚಪ್ಪಲಿ ಹುಡುಕಿದ.

"ಯಾತಕ್ಕೂ ಓಡಬ್ಯಾಡ" ಎಂದಳು ಗುರುಶಾಂತಮ್ಮ. ಸ್ಪಂದನಳ ಹಣೆಗೆ ವಿಭೂತಿ ಹಚ್ಚಿದಳು. ಎರಡೂ ಕೈಯಲ್ಲಿ ಅವಳನ್ನು ಎತ್ತಿ, ಮಗಳ ಮಡಿಲಲ್ಲಿ, ಅಕ್ಕಿಯ ಮೇಲೆ ಕೂರಿಸಿದಳು.

ಮಗು ಒಂದು ಕೈಯನ್ನು ಅಕ್ಕಿಯೊಳಗೆ ಆಡಿಸಿತು. ಇನ್ನೊಂದು ಕೈ ಅಜ್ಜಿಯ ಸೆರಗನ್ನು ಬಿಟ್ಟಿರಲಿಲ್ಲ.

"ನೀನು?"

"ನಾನು ಬರಾಕಿಲ್ಲ ಕಣವ್ವ. ಎಮ್ಮೆ ಪಕ್ಕದ್ಮನೆ ಕೊಂಡಮ್ಮಂಗೆ ಹಾಲು ಕೊಡಾಕಿಲ್ಲ, ನಾನೇ ಕರೀಬೇಕು. ಮೌನಿಕಾ ಇರ್ತಾಳೆ."

ಪುಟ್ಟ ತುಟಿ ಒಮ್ಮೆ ಅದುರಿತು. ಸ್ಪಂದನ ತಿರುಗಿ ಮೌನಿಕಾಳ ಮುಖ ನೋಡಿದಳು. 

ಗುರುಶಾಂತಮ್ಮ ಬಗ್ಗಿ, ತನ್ನ ಸೆರಗಿನಿಂದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಗಳ ವೇಲಿನ ಅಂಚನ್ನು ಹಿಡಿಸಿದಳು.

"ನೀನು ಬುಟ್ಟೋದಾಗ ಕೂಸು ಇಷ್ಟು ಭಾರ ಇರ್ಲಿಲ್ಲ" ಎಂದಳು ಮಗಳಿಗೆ. "ನಿಧಾನಕ್ಕೆ ಎದ್ದೇಳು."